ತೋಳವಾಗುವ ವಯಸ್ಸು

ಮನುಷ್ಯ ಮೈತುಂಬ ರೋಮ ಬೆಳೆದು ತೋಳವಾಗುವ ಕಥೆ ಯುರೋಪಿನಲ್ಲಿ ಬಹಳ ಹಳೆಯದು. ಆ ತೋಳವನ್ನು ಹೈಸ್ಕೂಲಿಗೆ ಸೇರಿಸಿದವರು ಅಮೆರಿಕದ ಸಿನಿಮಾದವರು. 1957ರ ‘ಐ ವಾಸ್ ಎ ಟೀನೇಜ್ ವೇರ್‌ವುಲ್ಫ್’ ಚಿತ್ರದಲ್ಲಿ ತೋಳವಾಗುವವನು ಒಬ್ಬ ಮುಂಗೋಪಿ ವಿದ್ಯಾರ್ಥಿ. ಪಾಪ, ಕೊನೆಗೆ ಪೊಲೀಸರ ಗುಂಡಿಗೆ ಬಲಿಯಾಗುತ್ತಾನೆ. 1985ರ ‘ಟೀನ್ ವುಲ್ಫ್’ ಇದನ್ನೇ ನಗೆಚಿತ್ರ ಮಾಡಿತು. ಮರುವರ್ಷ ಅದು ಟೆಲಿವಿಷನ್ನಿನಲ್ಲಿ ಕಾರ್ಟೂನ್ ಧಾರಾವಾಹಿಯಾಗಿ ಬಂತು. ಅಲ್ಲಿ ಅಜ್ಜ, ಅಜ್ಜಿಯರೂ ತೋಳಗಳೇ! 1999ರಲ್ಲಿ ಕೆನಡಾದ ಹಾಸ್ಯ ಧಾರಾವಾಹಿ ‘ಬಿಗ್ ವುಲ್ಫ್ ಆನ್ ಕ್ಯಾಂಪಸ್’ ಬಂತು. 2017ರ ‘ಬಿಗ್ ಮೌತ್’ನಲ್ಲಂತೂ ಹಾರ್ಮೋನೇ ಕೊಂಬು ಮೂಡಿದ ರಾಕ್ಷಸನಾಗಿ ಹುಡುಗರ ಬೆನ್ನು ಹತ್ತುತ್ತದೆ. (ಇದರ ಮಾತು ಬಲು ಹಸಿ. ದೊಡ್ಡವರಿಗೆಂದೇ ಮಾಡಿದ್ದು, ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ.)

ಜೀವಶಾಸ್ತ್ರ ಪಾಠ ಮಾಡುವವನಿಗೆ ಈ ತೋಳ ಅಪರಿಚಿತನೇನಲ್ಲ. ಎಲ್ಲೆಲ್ಲೋ ಕೂದಲು, ಬೆವರಿಗೆ ಹೊಸ ವಾಸನೆ, ಒಡಕು ದನಿ, ಎಷ್ಟು ತಿಂದರೂ ಹಸಿವು, ಕಾರಣವಿಲ್ಲದ ಸಿಟ್ಟು. ಒಂಬತ್ತನೇ ತರಗತಿಯ ಹಿಂದಿನ ಬೆಂಚು ನೋಡಿದರೆ ಸಾಕು! ಆದರೆ ಇದಕ್ಕೆ ಹುಣ್ಣಿಮೆಯೂ ಬೇಡ, ತೋಳ ಕಚ್ಚುವುದೂ ಬೇಡ. ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದರ ಹಾರ್ಮೋನುಗಳು ವೃಷಣಗಳನ್ನು, ಅಂಡಾಶಯಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಒಂದು ರಾತ್ರಿಯ ಮಾತಲ್ಲ, ವರ್ಷಗಳೇ ಹಿಡಿಯುತ್ತವೆ. ರಾತ್ರಿಯ ವಿಚಾರದಲ್ಲಿ ಮಾತ್ರ ಕಥೆ ಪೂರ್ತಿ ಸುಳ್ಳಲ್ಲ. ಮೊದಮೊದಲು ಈ ಹಾರ್ಮೋನುಗಳು ಹೆಚ್ಚಾಗಿ ಹೊಮ್ಮುವುದು ನಿದ್ರೆಯಲ್ಲೇ.

‘ಟೀನ್ ವುಲ್ಫ್’ ಚಿತ್ರದ ಒಂದು ದೃಶ್ಯ ನನಗೆ ಬಹಳ ಇಷ್ಟ. ತೋಳವಾದ ಹುಡುಗ ಬಚ್ಚಲುಮನೆಯಲ್ಲಿ ಅಗುಳಿ ಹಾಕಿಕೊಂಡಿದ್ದಾನೆ. ಹೊರಗೆ ಅಪ್ಪ ಬಾಗಿಲು ಬಡಿಯುತ್ತಾನೆ. ಹೆದರುತ್ತಲೇ ತೆರೆದರೆ ಅಪ್ಪನೂ ತೋಳ! ಅವನಿಗೆ ಮೊದಲಿಂದಲೂ ಗೊತ್ತಿತ್ತು. ಮಗನಿಗೆ ಇದು ತಗುಲದೇ ಹೋದೀತು ಎಂದುಕೊಂಡು ಬಾಯಿ ಬಿಟ್ಟಿರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಚೂಟಿ ಹುಡುಗನೊಬ್ಬ ಇದ್ದಕ್ಕಿದ್ದಂತೆ ಉತ್ತರ ಹೇಳುವುದನ್ನೇ ನಿಲ್ಲಿಸಿಬಿಟ್ಟ. ಎಬ್ಬಿಸಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಒಂದು ದಿನ ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಗೆ ತಾನಾಗಿಯೇ ಬಂದು, ‘ಸಾರ್, ನನ್ನ ಗಂಟಲು ವಾಸಿಯಾಗುತ್ತಾ?’ ಎಂದ. ಅದು ಕಾಯಿಲೆಯೆಂದೇ ತಿಂಗಳುಗಟ್ಟಲೆ ನಂಬಿದ್ದನಂತೆ! ಧ್ವನಿಪೆಟ್ಟಿಗೆ ದೊಡ್ಡದಾಗುವುದು, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುವುದು ಎಲ್ಲವನ್ನೂ ಚಿತ್ರ ಬರೆದು ತೋರಿಸಿದೆ. ಮನೆಯಲ್ಲಿ ಕೇಳಲಿಲ್ಲವೇನೋ ಎಂದದ್ದಕ್ಕೆ, ‘ಅಪ್ಪ ಶುಂಠಿ ಕಷಾಯ ಕುಡಿ ಅಂದ್ರು ಸಾರ್’ ಎಂದ.

ಅಂಕಪಟ್ಟಿಗೆ ಸಹಿ ಹಾಕಲು ಬಂದ ಅವರಪ್ಪನಿಗೆ ಇದನ್ನು ಹೇಳಿದೆ. ಅವರು ನಕ್ಕು, ತಮ್ಮ ದನಿ ಒಡೆದ ವರ್ಷ ತಾವೂ ನೆಂಟರ ಮುಂದೆ ಬಾಯಿ ಬಿಟ್ಟಿರಲಿಲ್ಲ ಎಂದರು. ‘ಮಗನಿಗೆ ಹೇಳಿದ್ದೀರಾ?’ ಎಂದು ಕೇಳಿದೆ.

‘ಅದನ್ನೆಲ್ಲ ಹೇಗೆ ಹೇಳೋದು ಸಾರ್?’ ಎಂದು ಪೆನ್ನು ಕೇಳಿದರು.