ಸೀ ಬಾವಿ, ಉಪ್ಪು ಬಾವಿ

ನಾನು ಸಮಾಜ ವಿಜ್ಞಾನ ಕಲಿಸಲು ತೊಡಗಿ ಮೂವತ್ತು ವರ್ಷಗಳಾಗುತ್ತ ಬಂದವು. ಆಲ್ಪ್ಸ್ ಪರ್ವತದ ಹಳ್ಳಿಗರು ಬೇಸಿಗೆಯಲ್ಲಿ ದನಗಳನ್ನು ಬೆಟ್ಟದ ಮೇಲಕ್ಕೆ ಅಟ್ಟಿ, ಚಳಿಗೆ ಮೊದಲು ಕೆಳಗೆ ಹೊಡೆದುಕೊಂಡು ಬರುತ್ತಾರೆಂಬುದನ್ನು ಪುಸ್ತಕ ನೋಡದೆಯೇ ಹೇಳಬಲ್ಲೆ. ಒಮ್ಮೆ ಅದನ್ನೇ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅಕ್ಕೋರೇ, ನಮ್ಮ ಬೊಬ್ರುವಾಡದ ಬಗ್ಗೆ ಪುಸ್ತಕದಲ್ಲಿ ಎಂತದೂ ಇಲ್ವಾ?” ಎಂದಳು.

“ಇಲ್ಲ, ನಮ್ಮದು ಸಣ್ಣ ಊರು” ಎಂದುಬಿಟ್ಟೆ. ಹೇಳಿದ ಮೇಲೆ ಮನಸ್ಸಿಗೆ ಹಿತವೆನಿಸಲಿಲ್ಲ. ತಪ್ಪು ಮುಚ್ಚಿಕೊಳ್ಳಲು, ನಾಳೆ ಎಲ್ಲರೂ ಊರಿನ ನಕಾಶೆ ಬರೆದು ತನ್ನಿ ಎಂದೆ.

ಮರುದಿನ ಬಂದ ನಕಾಶೆಗಳಲ್ಲಿ ಎಲ್ಲ ಇತ್ತು. ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ನಡುವೆ ಗದ್ದೆ, ತೆಂಗಿನ ತೋಟ. ಪಕ್ಕದಲ್ಲೇ ಅಂಕೋಲೆ ಪೇಟೆ. ಪೇಟೆಗೆ ಪುರಸಭೆ, ನಮಗೆ ಗ್ರಾಮ ಪಂಚಾಯತ. ಎಲ್ಲಿ ಅದು ಮುಗಿದು ಎಲ್ಲಿ ಇದು ಶುರುವಾಯಿತೆಂದು ಹೊಸಬರಿಗೆ ತಿಳಿಯುವುದಿಲ್ಲ. ಆದರೆ ಆ ಹುಡುಗಿಯ ನಕಾಶೆ ಬೇರೆಯೇ ಇತ್ತು. ಅವಳು ಬರೆದದ್ದು ಬಾವಿಗಳನ್ನು ಮಾತ್ರ. ಸೀ ನೀರಿನ ಬಾವಿಗೆ ನೀಲಿ, ಉಪ್ಪಾದದ್ದಕ್ಕೆ ಕೆಂಪು. ಅವಳ ತಾಯಿ ಬೇಸಿಗೆಯಲ್ಲಿ ಯಾರ ಮನೆಗೆ ಕೊಡ ಹಿಡಿದು ಹೋಗಬೇಕು, ಯಾರ ಮನೆಗೆ ಹೋಗಿ ಪ್ರಯೋಜನವಿಲ್ಲ ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಅಜ್ಜಿಯ ಕಾಲದ ಬಾವಿಗೂ ಕೆಂಪು ಬಣ್ಣ ಬಿದ್ದಿತ್ತು.

ನನ್ನ ಅಜ್ಜಿ ಒಂದೇ ಮನೆಯಲ್ಲಿದ್ದುಕೊಂಡು ಅನೇಕ ರಾಜ್ಯಗಳನ್ನು ಕಂಡವಳು. 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ನಮ್ಮ ಜಿಲ್ಲೆ 1956ರಲ್ಲಿ ಮೈಸೂರಿಗೆ ಬಂತು. 1973ರಲ್ಲಿ ಅದೇ ಕರ್ನಾಟಕವಾಯಿತು. ಅಜ್ಜಿಗೆ ಇದಾವುದೂ ದೊಡ್ಡದಾಗಿರಲಿಲ್ಲ. ಅವಳು ಕಾಲವನ್ನು ಅಳೆಯುತ್ತಿದ್ದುದು “ಉಪ್ಪಿನ ವರ್ಷ”ದಿಂದ. 1930ರ ಎಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪೆತ್ತಿದರು. ಒಂದು ವಾರದ ನಂತರ, ಎಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲೂ ಉಪ್ಪಿನ ಕಾನೂನು ಮುರಿಯಿತು. ಮುಂದೆ ಕರಬಂದಿ ಚಳವಳಿ ಬಂತು. ತೀರ್ವೆ ಕಟ್ಟದವರ ಗದ್ದೆ, ದನ, ಪಾತ್ರೆಗಳೆಲ್ಲ ಜಪ್ತಾದವು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಸುಮ್ಮನೆ ಬಂದುದಲ್ಲ.

“ನಾವೂ ಹೋಗಿದ್ವು ಮಗಾ, ಜನವೋ ಜನ” ಎಂದು ಅಜ್ಜಿ ಸಂಜೆ ಹೊತ್ತು ತೊಡಗುತ್ತಿದ್ದಳು. ನನಗೆ ಮರುದಿನದ ಪರೀಕ್ಷೆ. ದಾಂಡಿಗೆ ನಡೆದ ದಿನಗಳು ಇಪ್ಪತ್ತನಾಲ್ಕು ಎಂದು ಬಾಯಿಪಾಠ ಮಾಡುತ್ತ, “ಸ್ವಲ್ಪ ಸುಮ್ಮನಿರಜ್ಜಿ, ಇತಿಹಾಸ ಓದ್ತಾ ಇದ್ದೆ” ಎನ್ನುತ್ತಿದ್ದೆ. ಅವಳು ಯಾವ ದಾರಿಯಿಂದ ಹೋದಳು, ಯಾರ ಕೈ ಹಿಡಿದಿದ್ದಳು, ನಾನು ಕೇಳಲೇ ಇಲ್ಲ. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದವು.

ಇನ್ನು ಬಾವಿಯ ವಿಷಯ. ಕಡಲ ಬದಿಯ ಮರಳು ನೆಲದಲ್ಲಿ ಮಳೆಯ ಸೀ ನೀರು ಹಗುರವಾದ್ದರಿಂದ ಉಪ್ಪು ನೀರಿನ ಮೇಲೆ ನಿಂತಿರುತ್ತದೆ. ಕೊಡದಲ್ಲಿ ಸೇದುವಷ್ಟಕ್ಕೆ ಎರಡೂ ತಮ್ಮ ತಮ್ಮ ಜಾಗದಲ್ಲಿರುತ್ತವೆ. ಪಂಪಿನಿಂದ ಒಂದೇ ಸಮನೆ ಎಳೆದರೆ ಮೇಲಿನದು ತೆಳ್ಳಗಾಗಿ ಅಡಿಯ ಉಪ್ಪು ಮೇಲೇರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳಿಗೆ ಕುಡಿಯಲು ನೀರಿಲ್ಲ. ಇಷ್ಟನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ನಮ್ಮ ಬಾವಿಗೆ ಪಂಪು ಹಾಕಿಸಿದವಳು ನಾನೇ ಎಂಬುದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಹಿತ್ತಲಿನ ಹೊಸ ತೆಂಗಿನ ಸಸಿಗಳಿಗಾಗಿ ಹಾಕಿಸಿದ್ದೆ.

ಒಂದು ಕಾಲಕ್ಕೆ ಉಪ್ಪು ತರಲು ಹೋದವರ ಕೈಗೆ ಸರಕಾರ ಕೋಳ ಹಾಕಿತು. ಈಗ ಉಪ್ಪು ಕರೆಯದೆಯೇ ಮನೆಯೊಳಗೆ ಬಂದಿದೆ. ಬಾವಿ ಮುಚ್ಚಿಸಿ ನಳದ ನೀರು ನಂಬೋಣ ಎಂದು ತಮ್ಮ ಹೇಳುತ್ತಾನೆ. ನಾನು ಒಪ್ಪಿಲ್ಲ. ಪಂಪು ಬಿಚ್ಚಿಸಿ, ಮಾಡಿನ ನೀರು ಬಾವಿಯ ಪಕ್ಕದ ಗುಂಡಿಗೆ ಇಳಿಯುವಂತೆ ಮಾಡಿದ್ದೇನೆ.

ಮೊದಲ ಮಳೆಗಾಲ ಕಳೆದ ಮೇಲೆ ಆ ಹುಡುಗಿಯನ್ನು ಕರೆದು ಒಂದು ಕೊಡ ಸೇದಿಸಿದೆ. ಅವಳು ಬೊಗಸೆಯಲ್ಲಿ ಕುಡಿದು ನೋಡಿ, “ಈಗ ಅಡ್ಡಿಲ್ಲೆ ಅಕ್ಕೋರೇ. ಎಪ್ರಿಲ್‌ನಲ್ಲಿ ಮತ್ತೊಂದ್ಸಲ ನೋಡ್ವ” ಎಂದಳು. ನಕಾಶೆಯ ಬಣ್ಣವನ್ನು ಅವಳು ಇನ್ನೂ ಬದಲಿಸಿಲ್ಲ.