ಶೀಟಿನ ಏಳನೇ ಸಾಲು

ಹುಬ್ಬಳ್ಳಿಯಲ್ಲಿ ಫುಟ್‌ಬಾಲ್ ಹುಚ್ಚು ಅಂದರೆ ಮಂದಿ ನಗುತ್ತಾರೆ. ಇಲ್ಲಿ ಓಣಿ ಓಣಿಗೂ ಕ್ರಿಕೆಟ್ಟೇ. ಅಂಥಾದ್ದರಲ್ಲಿ ನಾವು ನಾಲ್ವರು, ಇಂಜಿನಿಯರಿಂಗ್ ಓದುವಾಗಿನಿಂದ ಜೊತೆಗಿದ್ದವರು, ಬೆಂಗಳೂರು ಎಫ್‌ಸಿ ಪಂದ್ಯ ಇದ್ದ ದಿನ ವಿದ್ಯಾನಗರದ ಗೆಳೆಯನ ಮನೆಯಲ್ಲಿ ಸೇರುತ್ತೇವೆ. ಗಿರ್ಮಿಟ್, ಮಿರ್ಚಿ, ಚಹಾ, ಮತ್ತು ಪಂದ್ಯ ಮುಗಿದ ಮೇಲೂ ಮುಗಿಯದ ಮಾತು.

2024ರ ಸೆಪ್ಟೆಂಬರ್ 14, ಶನಿವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ನಮ್ಮ ತಂಡದ ಸೀಸನ್ನಿನ ಮೊದಲ ಪಂದ್ಯ. 25ನೇ ನಿಮಿಷಕ್ಕೆ ಗೋಲು ಬಿತ್ತು. ಹೊಡೆದವನು ವಿನೀತ್ ವೆಂಕಟೇಶ್. ವಯಸ್ಸು ಬರೀ 19. ಬಿಎಫ್‌ಸಿಯ ಕಿರಿಯರ ತಂಡದಿಂದ ಮೇಲೆ ಬಂದ ಬೆಂಗಳೂರಿನ ಹುಡುಗ. ಪಂದ್ಯ 1-0ಯಲ್ಲಿ ಮುಗಿಯಿತು, ಆ ಒಂದು ಗೋಲು ಅವನದೇ. ನಾವು ಹಾಕಿದ ಕೂಗಿಗೆ ಕೆಳಗಿನ ಮನೆಯ ಅಜ್ಜಾರು ಬಾಗಿಲು ತೆಗೆದು, "ಏನಾತ್ರೋ?" ಅಂತ ಕೇಳಿದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಪಂಚಾಯಿತಿ. ಒಬ್ಬ ಅಂದ, "ಛೆಟ್ರಿ ನಂತರ ಇಂವನ, ಬರದಿಟ್ಕೋರಿ." ಇನ್ನೊಬ್ಬ, "ಒಂದ ಗೋಲಿಗೆ ಇಷ್ಟ್ಯಾಕ ಹಾರಾಡ್ತೀಯೋ? ಮೈಯಾಗ ಇನ್ನೂ ಬಲ ಬರಬೇಕು." ಮೂರನೆಯವನು ಯಾವಾಗಲೂ ಮಧ್ಯಸ್ಥ. ನಾನು? ನಾನು ಸಾಫ್ಟ್‌ವೇರಿನವನು. ಮಾತಿಗಿಂತ ಅಂಕಿಯ ಮೇಲೆ ನಂಬಿಕೆ. ಅವತ್ತೇ ರಾತ್ರಿ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ಮಾಡಿದೆ. ನಮ್ಮ ತಂಡದ ಆರು ಮಂದಿ ಎಳೆಯ ಆಟಗಾರರು, ಆರು ಸಾಲು. ಮೊದಲ ಟಚ್, ವೇಗ, ಪಾಸಿಂಗ್, ಮೈಕಟ್ಟು, ತಲೆ ಓಡಿಸುವುದು, ಒಂದೊಂದಕ್ಕೂ ಹತ್ತರಂತೆ ಐವತ್ತು ಅಂಕ. ಕೊನೆಗೆ 'ಷರಾ' ಅಂತ ಒಂದು ಕಾಲಂ.

ಪ್ರತಿ ಪಂದ್ಯ ಮುಗಿದ ಮೇಲೆ ನಾಲ್ವರೂ ಅಂಕ ಹಾಕುತ್ತಿದ್ದೆವು. ಮೂರನೇ ವಾರ ಒಬ್ಬನನ್ನು ಭಾರತ ತಂಡಕ್ಕೆ ಕಳಿಸುತ್ತಿದ್ದೆವು, ಆರನೇ ವಾರ ಅವನನ್ನೇ ಬೆಂಚಿನ ಮೇಲೆ ಕೂರಿಸುತ್ತಿದ್ದೆವು. ಒಂದು ಪಾಸ್ ತಪ್ಪಿದರೆ ಒಂದು ಅಂಕ ಕಟ್. ನಮ್ಮ ನಾಲ್ವರಲ್ಲಿ ಒಬ್ಬನೂ ಬೂಟು ಹಾಕಿಕೊಂಡು ಪೂರಾ 90 ನಿಮಿಷ ಆಡಿದವನಲ್ಲ ಅನ್ನುವುದು ಬೇರೆ ಮಾತು.

ಇದೆಲ್ಲ ನಿರುಪದ್ರವಿ ಚಟ ಅಂದುಕೊಂಡಿದ್ದೆ. ನಾವು ಹಾಕಿದ ಅಂಕ ಆ ಆಟಗಾರರಿಗೇನು ತಿಳಿಯುತ್ತದೆ? ಆದರೆ ನವೆಂಬರ್‌ನಲ್ಲಿ ನಾನು ಆ ಶೀಟಿಗೆ ಏಳನೇ ಸಾಲು ಸೇರಿಸಿದೆ. ಅದು ನನ್ನ ಅಕ್ಕನ ಮಗನದು.

ಅಕ್ಕನ ಮನೆ ಧಾರವಾಡದಲ್ಲಿ. ಹುಡುಗನಿಗೆ ಆಗ 13 ವರ್ಷ, ಎಂಟನೇ ಇಯತ್ತೆ. ಫುಟ್‌ಬಾಲ್ ಹುಚ್ಚು ಹಚ್ಚಿದವನು ನಾನೇ. ಅವನ ಐದನೇ ಹುಟ್ಟುಹಬ್ಬಕ್ಕೆ ಚೆಂಡು ತಂದುಕೊಟ್ಟವನೂ ನಾನೇ. ತೋರಣಗಲ್ಲಿನ ಹತ್ತಿರ, ಜೆಎಸ್‌ಡಬ್ಲ್ಯೂದವರ ವಿಜಯನಗರ ಟೌನ್‌ಶಿಪ್‌ನಲ್ಲಿ ಬಿಎಫ್‌ಸಿಯ ವಸತಿ ಅಕಾಡೆಮಿ ಇದೆ ಅಂತ ಅವನಿಗೆ ಹೇಳಿದವನೂ ನಾನೇ. "ಹುಬ್ಬಳ್ಳಿಯಾಗ ಟ್ರೇನ್ ಹತ್ತಿದ್ರ ಗದಗ, ಕೊಪ್ಪಳ, ಹೊಸಪೇಟೆ, ಆಮ್ಯಾಲ ತೋರಣಗಲ್ಲು. ಅಷ್ಟ ದೂರ ನೋಡು" ಅಂದಿದ್ದೆ. ಆವತ್ತಿನಿಂದ ಅವನಿಗೆ ಆ ಊರಿನ ಹೆಸರು ಒಂದು ಮಂತ್ರವಾಗಿತ್ತು.

ರವಿವಾರ ಬೆಳಿಗ್ಗೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ, ಅವನು ಆಡುವುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದೆ. ಆ ವರ್ಷ ಅವನ ಆಟ ಯಾಕೋ ಕೆಟ್ಟಿತ್ತು. ಹನ್ನೊಂದು ಹನ್ನೆರಡರಲ್ಲಿ ಚೆಂಡು ಕಾಲಿಗೆ ಅಂಟಿಕೊಂಡಂತೆ ಓಡುತ್ತಿದ್ದ ಹುಡುಗ ಈಗ ತನ್ನ ಕಾಲಿಗೇ ತಾನು ತೊಡರಿ ಬೀಳುತ್ತಿದ್ದ. ಬಂದ ಪಾಸು ಒಂದು ಮಾರು ದೂರ ಸಿಡಿಯುತ್ತಿತ್ತು. ಆಗಾಗ ಮೊಣಕಾಲು ಹಿಡಿದುಕೊಂಡು ಕೂರುತ್ತಿದ್ದ. ನಾನು ಮನೆಗೆ ಬಂದು ಏಳನೇ ಸಾಲು ತುಂಬಿದೆ. ಒಟ್ಟು 23. ಷರಾ: 'ಮೊದಲ ಟಚ್ ಹಾಳಾಗಿದೆ. ಚುರುಕು ಇಲ್ಲ. ಈ ಮಟ್ಟ ದಾಟುವುದು ಕಷ್ಟ.'

ಪ್ರೀತಿ ಬೇರೆ, ಮೌಲ್ಯಮಾಪನ ಬೇರೆ ಅನ್ನುವ ಹೆಮ್ಮೆ ಬೇರೆ ಇತ್ತು ನನಗೆ!

ಡಿಸೆಂಬರ್‌ನಲ್ಲಿ ಅಕ್ಕ, ಮಗ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಶಾಲೆಯ ಪ್ರಾಜೆಕ್ಟ್‌ಗೆ ಬೇಕು ಅಂತ ಹುಡುಗ ಲ್ಯಾಪ್‌ಟಾಪ್ ಕೇಳಿದ, ಕೊಟ್ಟೆ. ಶೀಟ್ ತೆರೆದೇ ಇತ್ತು. ನಾನು ಅಡುಗೆಮನೆಯಿಂದ ಚಹಾ ಹಿಡಿದು ಬರುವಷ್ಟರಲ್ಲಿ ಅವನು ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಹತ್ತಿರ ನಿಂತಿದ್ದ. "ಆತೇನೋ ಪ್ರಾಜೆಕ್ಟು?" ಅಂದೆ. "ಹೂಂ ಮಾಮಾ" ಅಂದ. ಅಷ್ಟೇ.

ಒಂದು ತಿಂಗಳಾದ ಮೇಲೆ ಅಕ್ಕನ ಫೋನು. "ಯಾಕೋ ಏನೋ, ಅಂವಾ ಮೈದಾನಕ್ಕ ಹೋಗವಲ್ಲ. ಬೂಟು ಅಟ್ಟದ ಮ್ಯಾಲ ಒಗದಾನ. ಕೇಳಿದ್ರ ಅಭ್ಯಾಸ ಐತಿ ಅಂತಾನ. ನೀ ಒಂದ ಸಲ ಮಾತಾಡು."

ಹೋದೆ. ಇಬ್ಬರೂ ನಡೆಯುತ್ತಾ ಲೈನ್ ಬಜಾರಿಗೆ ಹೋಗಿ ಪೇಢೆ ತಗೊಂಡು, ಮರಳಿ ಬರುವಾಗ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ರಸ್ತೆ ನೋಡುತ್ತಲೇ ಅಂದ:

"ಮಾಮಾ, ವಿನೀತಗ 34 ಹಾಕೀ. ನನಗ 23. ಅಂವಗ 19 ವರ್ಷ. ನನಗ 19 ಆಗೂತನಾ ಕಾಯಾಕ ಬರ್ತಿರ್ಲಿಲ್ಲೇನ?"

ಓದುಗರೇ, ಅವತ್ತು ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಪೇಢೆಯ ಪೊಟ್ಟಣ ಕೈಯಲ್ಲಿ ಹಿಡಿದು ಅವನ ಹಿಂದೆ ಹಿಂದೆ ನಡೆದೆ.

ಆ ರಾತ್ರಿ ನನಗೆ ನೆನಪಾದದ್ದು ನನ್ನದೇ ಕತೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಬಗ್ಗೆ ಎರಡು ಸಾಲು ಬರೆದಿದ್ದರು. ಬರೆದವರು ಬಹುಶಃ ಮರುದಿನವೇ ಮರೆತಿರುತ್ತಾರೆ. ನನಗೆ ಎಂಟು ವರ್ಷವಾದರೂ ಬಾಯಿಪಾಠ ಇದೆ. ಅಂಥಾ ಎರಡು ಸಾಲನ್ನು ನಾನು 13ರ ಮಗುವಿಗೆ ಬರೆದಿದ್ದೆ.

ನಮ್ಮ ಪರಿಚಯದ ನಿವೃತ್ತ ಪಿ.ಟಿ. ಮಾಸ್ತರರೊಬ್ಬರು ಧಾರವಾಡದಲ್ಲಿದ್ದಾರೆ. ಮರುವಾರ ಅವರ ಮನೆಗೆ ಹೋಗಿ, ಹುಡುಗನ ಆಟ ಯಾಕೆ ಹಿಂಗಾತು ಅಂತ ಕೇಳಿದೆ. ಅವರು ಮೊದಲು ಕೇಳಿದ್ದು, "ಒಂದ ವರ್ಷದಾಗ ಎಷ್ಟ ಎತ್ತರ ಆಗ್ಯಾನ?"

ಅಕ್ಕ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾಳೆ. ಫೋನ್ ಮಾಡಿ ಅಳೆಸಿದೆ. ಒಂದು ವರ್ಷಕ್ಕೆ 9 ಸೆಂಟಿಮೀಟರ್.

ಮಾಸ್ತರರು ನಕ್ಕರು. "ಮತ್ತೇನ್ರಿ! ಗಂಡು ಹುಡುಗರು 13-14ರ ಸುತ್ತಮುತ್ತ ಜೋರು ಬೆಳೀತಾರ. ಕಾಲು ಉದ್ದ ಆಗಿರ್ತಾವ, ತಲಿಗೆ ಇನ್ನೂ ಹಳೇ ಕಾಲಿನ ಲೆಕ್ಕ ಇರ್ತದ. ಅದಕ್ಕ ಚೆಂಡು ಸಿಡೀತದ, ಎಡವತಾರ. ಮೊಣಕಾಲಿನ ಕೆಳಗ ನೋವೂ ಬರ್ತದ. ಡಾಕ್ಟರಿಗೆ ತೋರಸ್ರಿ, ಆದ್ರ ಹೆದರಬ್ಯಾಡ್ರಿ. ಹುಟ್ಟಿದ್ದ ಯಾವ ತಿಂಗಳು?"

"ಡಿಸೆಂಬರ್, ಸರ್."

"ನೋಡ್ರಿ, ಅದೂ ಒಂದು." ವಯೋಮಿತಿಯ ಗುಂಪು ಮಾಡುವಾಗ ಜನವರಿ 1ರ ಲೆಕ್ಕ ಹಿಡಿಯುತ್ತಾರೆ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ನಡುವೆ ಹೆಚ್ಚು ಕಡಿಮೆ ಒಂದು ವರ್ಷ. ಮೂವತ್ತರಲ್ಲಿ ಒಂದು ವರ್ಷ ಏನೂ ಅಲ್ಲ, ಹದಿಮೂರರಲ್ಲಿ ಅದು ಒಂದು ಗೇಣು ಎತ್ತರ. ಯುರೋಪಿನ ಅಕಾಡೆಮಿಗಳಲ್ಲಿ ನೋಡಿದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಹೆಚ್ಚು ಆಯ್ಕೆಯಾಗಿರುವುದನ್ನು ಸಂಶೋಧಕರು ಎಷ್ಟೋ ಸಲ ಕಂಡುಕೊಂಡಿದ್ದಾರೆ. ಪ್ರತಿಭೆ ಅಂತ ಆರಿಸಿದ್ದರಲ್ಲಿ ಒಂದಿಷ್ಟು ಪಾಲು ಬರೀ ಹುಟ್ಟಿದ ತಾರೀಖಿನದು! ಅದಕ್ಕೇ ಇಂಗ್ಲೆಂಡಿನ ಕೆಲವು ಕ್ಲಬ್‌ಗಳು ವಯಸ್ಸಿನ ಬದಲು ಮೈ ಬೆಳೆದ ಮಟ್ಟ ನೋಡಿ ಗುಂಪು ಮಾಡಿ ಆಡಿಸಿ ನೋಡಿವೆ.

ನನ್ನ ಶೀಟಿನಲ್ಲಿ ಎತ್ತರ ಎಷ್ಟು ಬೆಳೆದ ಅನ್ನುವ ಕಾಲಂ ಇರಲಿಲ್ಲ. ಹುಟ್ಟಿದ ತಿಂಗಳಿನ ಕಾಲಂ ಇರಲಿಲ್ಲ. ಮೊಣಕಾಲು ನೋವಿನ ಕಾಲಂ ಇರಲಿಲ್ಲ. ಇದ್ದದ್ದು ನನ್ನ ಷರಾ ಒಂದೇ.

ಆಮೇಲೆ ನನಗೆ ಗೊತ್ತಿದ್ದ ಆಟಗಾರರನ್ನೇ ಮತ್ತೊಮ್ಮೆ ನೆನೆಸಿಕೊಂಡೆ. ಹ್ಯಾರಿ ಕೇನ್‌ನನ್ನು ಆರ್ಸೆನಲ್ ಅಕಾಡೆಮಿ ಎಳವೆಯಲ್ಲೇ ಮನೆಗೆ ಕಳಿಸಿತ್ತು. ಟಾಟೆನ್‌ಹ್ಯಾಮ್‌ಗೆ ಸೇರಿದ ಮೇಲೂ ಅವನು ನಾಲ್ಕು ಬೇರೆ ಬೇರೆ ಕ್ಲಬ್‌ಗಳಿಗೆ ಸಾಲದ ಮೇಲೆ ಹೋಗಿ ಬಂದ. ಇವತ್ತು ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಅವನವೇ. ಅಷ್ಟು ದೂರ ಯಾಕೆ, ನಮ್ಮ ಸುನಿಲ್ ಛೆಟ್ರಿ? 2009ರಲ್ಲಿ ಲಂಡನ್ನಿನ ಕ್ಯೂಪಿಆರ್ ಕ್ಲಬ್ ಒಪ್ಪಂದಕ್ಕೆ ಸಿದ್ಧವಿತ್ತು, ಕೆಲಸದ ಪರವಾನಗಿ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್. ಎರಡೂ ಕಡೆ ಆಡಲು ಅವಕಾಶ ಹೆಚ್ಚು ಸಿಗದೆ ವಾಪಸ್ ಬಂದ. ಆಗ ಅವನಿಗೆ 28. ನನ್ನಂಥವನು ಅವತ್ತು ಶೀಟ್ ತುಂಬಿದ್ದರೆ 'ಮುಗೀತು' ಅಂತಲೇ ಷರಾ ಬರೆಯುತ್ತಿದ್ದ. ಮರುವರ್ಷ, 2013ರಲ್ಲಿ, ಬಿಎಫ್‌ಸಿ ಹುಟ್ಟಿತು. ಛೆಟ್ರಿ ನಾಯಕನಾದ, ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು. ಅದೇ ಮನುಷ್ಯ 2024-25ರ ಐಎಸ್‌ಎಲ್‌ನಲ್ಲಿ, 40ನೇ ವಯಸ್ಸಿನಲ್ಲಿ, 14 ಗೋಲು ಹೊಡೆದ.

ಏರುವುದು ಹೇಗೋ ಇಳಿಯುವುದೂ ಹಾಗೇ. 2022-23ರಲ್ಲಿ ನಮ್ಮ ಶಿವಶಕ್ತಿ ನಾರಾಯಣನ್ 6 ಗೋಲು ಹೊಡೆದು ಲೀಗಿನ ಉದಯೋನ್ಮುಖ ಆಟಗಾರ ಅನಿಸಿಕೊಂಡಾಗ ನಾವು ನಾಲ್ವರೂ ಕುಣಿದಿದ್ದೆವು. ಮರುವರ್ಷ ಗೋಲು ಕಡಿಮೆಯಾದಾಗ ನಾವೇ ಮೂಗು ಮುರಿದೆವು. 22ರ ಹುಡುಗನ ಒಂದು ಸೀಸನ್ ಅವನ ಆಯುಷ್ಯದ ಲೆಕ್ಕವಲ್ಲ ಅಂತ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.

ಅಭಿಮಾನಿಗಳು ಮಾತಾಡಬಾರದು ಅಂತ ನಾನು ಅನ್ನುವುದಿಲ್ಲ. ಮಾತಾಡದಿದ್ದರೆ ಅಭಿಮಾನ ಯಾತಕ್ಕೆ? ಅಕಾಡೆಮಿಯಲ್ಲಿ ಕೋಚ್‌ಗಳೂ ಅಳೆಯುತ್ತಾರೆ, ಬರೆದಿಡುತ್ತಾರೆ. ಆದರೆ ಬರೆದ ಮೇಲೆ ಅವರು ಮರುದಿನ ಬೆಳಿಗ್ಗೆ ಅದೇ ಹುಡುಗನ ಜೊತೆ ಮೈದಾನಕ್ಕೆ ಇಳಿಯುತ್ತಾರೆ. ಟಚ್ ಸರಿಯಿಲ್ಲ ಅಂದವರೇ ನೂರು ಸಲ ಚೆಂಡು ಎಸೆದು ಟಚ್ ಸರಿ ಮಾಡಿಸುತ್ತಾರೆ. ನಾನು ಅಂಕ ಹಾಕಿದೆ, ಲ್ಯಾಪ್‌ಟಾಪ್ ಮುಚ್ಚಿದೆ. ಅಲ್ಲಿಗೆ ಮುಗಿಯಿತು ನನ್ನ ಜವಾಬ್ದಾರಿ.

ಫೆಬ್ರವರಿಯ ಒಂದು ರವಿವಾರ ಹುಡುಗನ ಮುಂದೆಯೇ ಶೀಟ್ ಅಳಿಸಿದೆ. ಮಾಸ್ತರರು ಹೇಳಿದ್ದನ್ನೆಲ್ಲ ಹೇಳಿದೆ. "ತಪ್ಪಾತೋ ತಮ್ಮಾ" ಅಂದೆ. ಅವನು ಸಿನಿಮಾದ ಹುಡುಗರಂತೆ ಓಡಿಬಂದು ಅಪ್ಪಿಕೊಳ್ಳಲಿಲ್ಲ. "ಇರ್ಲಿ ಬಿಡು" ಅಂದ, ಅಷ್ಟೇ. ಆದರೆ ಎರಡು ವಾರವಾದ ಮೇಲೆ ಅಕ್ಕ ಹೇಳಿದಳು, ಬೂಟು ಅಟ್ಟದಿಂದ ಇಳಿದಿದೆ ಅಂತ.

ಬೇಸಿಗೆ ಸೂಟಿಯಲ್ಲಿ ಒಂದು ಅಕಾಡೆಮಿಯ ಟ್ರಯಲ್‌ಗೆ ಕರೆದುಕೊಂಡು ಹೋದೆ. ಆಯ್ಕೆಯಾಗಲಿಲ್ಲ. ಬರುವಾಗ ಟ್ರೇನಿನಲ್ಲಿ ಹಾವೇರಿಯವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಆಮೇಲೆ ತಾನೇ ಅಂದ, "ಮಾಮಾ, ಆ ಎಡಗಡೆ ಆಡೋ ಹುಡುಗ ಏನ್ ಛಲೋ ಇದ್ದ ಅಲ್ಲ!" ತನ್ನನ್ನು ಸೋಲಿಸಿದವನನ್ನು ಹೊಗಳುವಷ್ಟು ದೊಡ್ಡವನಾಗಿದ್ದ. ಇದಕ್ಕೆ ಯಾವ ಕಾಲಂನಲ್ಲಿ ಎಷ್ಟು ಅಂಕ ಹಾಕಲಿ ಹೇಳಿ?

ಅವನು ದೊಡ್ಡ ಆಟಗಾರ ಆಗುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ಆಗಲಿಕ್ಕಿಲ್ಲ. ಸಾವಿರಾರು ಹುಡುಗರು ಆಡುತ್ತಾರೆ, ಕಂಠೀರವದಲ್ಲಿ ಇಳಿಯುವವರು ಹನ್ನೊಂದೇ ಮಂದಿ. ವಿದ್ಯಾನಗರದಲ್ಲಿ ನಮ್ಮ ಪಂಚಾಯಿತಿ ಈಗಲೂ ನಡೆಯುತ್ತದೆ, ಗಿರ್ಮಿಟ್ ಇದೆ, ಜಗಳವೂ ಇದೆ. ಎಳೆಯ ಹುಡುಗನೊಬ್ಬ ಪಾಸು ತಪ್ಪಿಸಿದಾಗ ಮಾತ್ರ ನಾನು ಅನ್ನುತ್ತೇನೆ, "ಇರಲಿ ತಡೀರೋ, ಇನ್ನೂ ಬೆಳೆಯಾಕತ್ತಾನ." ಗೆಳೆಯರು ನಗುತ್ತಾರೆ.

ಹೋದ ರವಿವಾರ ಧಾರವಾಡದಲ್ಲಿ ಜಿಟಿಜಿಟಿ ಮಳೆ. ಮೈದಾನವೆಲ್ಲ ರಾಡಿ. ಆಟ ಮುಗಿಸಿ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬಂದು, ನಾನು ಹಿಡಿದಿದ್ದ ಚೀಲದಿಂದ ಟವೆಲ್ ಎಳೆದುಕೊಳ್ಳುತ್ತಾ ಕೇಳಿದ, "ಹೆಂಗ ಆಡಿದೆ ಮಾಮಾ?"

ಬಾಯಿ ತುದಿಗೆ ನಾಲ್ಕು ಸಲಹೆ ಬಂದಿದ್ದವು. ನುಂಗಿಕೊಂಡೆ.

"ನೋಡಾಕ ಭಾಳ ಖುಷಿ ಆತು. ನಿನಗ ಹೆಂಗ ಅನಿಸ್ತು?"

ಅವನು ಹೇಳಲು ಶುರು ಮಾಡಿದ. ಜ್ಯುಬಿಲಿ ಸರ್ಕಲ್ ಬರುವವರೆಗೂ ಹೇಳುತ್ತಲೇ ಇದ್ದ.