ಒಂದೇ ಸೀರೆ, ನಾಲ್ಕು ಊರಿನ ಬದುಕು

ಬೆಳಗಿನ ಹೊತ್ತು ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರಿನ ಇಲಕಲ್ ಸೀರೆಗಳು; ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳ ಸಾಲು; ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ರೊಟ್ಟಿಯ ಬುಟ್ಟಿ ಹೊತ್ತವಳು, ಮೊಮ್ಮಗನ ಕೈಹಿಡಿದ ಅಜ್ಜಿ, ಹೊಲಕ್ಕೆ ಹೊರಟವಳು ಎಲ್ಲರ ಮೈಮೇಲೂ ಅದೇ ಸೀರೆ. ಇವರ ನಡುವೆ ಚೂಡಿದಾರ ತೊಟ್ಟು ಕಾಲೇಜಿಗೆ ಹೋಗುವ ಹುಡುಗಿಯರೂ ಇದ್ದಾರೆ. ಅವರ ಮನೆಯ ಟ್ರಂಕಿನಲ್ಲಿ ಅವ್ವನ ಇಲಕಲ್ ಸೀರೆ ಒಂದಾದರೂ ಇದ್ದೇ ಇರುತ್ತದೆ. ಪರಊರಿನಿಂದ ಬಂದವರಿಗೆ ಈ ಸೀಮೆಯ ಹೆಣ್ಣುಮಕ್ಕಳೆಲ್ಲ ಒಂದೇ ಬಗೆಯ ಬದುಕು ಬದುಕುತ್ತಾರೆ ಎನ್ನಿಸಿದರೆ ಆಶ್ಚರ್ಯವಿಲ್ಲ.

ದೂರದ ದೇಶಗಳ ವಿಷಯದಲ್ಲಿ ನಾವು ಮಾಡುವ ತಪ್ಪೂ ಇದೇ. ಅಮೆರಿಕದ ಹೆಂಗಸರೂ ಆಸ್ಟ್ರೇಲಿಯಾದ ಹೆಂಗಸರೂ ಇಂಗ್ಲಿಷ್ ಮಾತಾಡುತ್ತಾರೆ, ಒಂದೇ ಬಗೆಯ ಉಡುಪು ತೊಡುತ್ತಾರೆ. ಆದರೆ ಅವರ ಚರಿತ್ರೆ ಬೇರೆ ಬೇರೆ. ಆಸ್ಟ್ರೇಲಿಯಾದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು 1902ರಲ್ಲೇ ಬಂತು. ಅಮೆರಿಕದಲ್ಲಿ 1920ರವರೆಗೆ ಕಾಯಬೇಕಾಯಿತು. ಆದರೂ ಅಮೆರಿಕದ ಸಂಸತ್ತಿಗೆ ಮೊದಲ ಮಹಿಳೆ ಜೆನೆಟ್ ರಾಂಕಿನ್ ಆರಿಸಿ ಬಂದದ್ದು 1916ರಲ್ಲಿ. ಮತದ ಹಕ್ಕನ್ನು ಮೊದಲೇ ಪಡೆದ ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಮಹಿಳೆಯರು ಕುಳಿತದ್ದು 1943ರಲ್ಲಿ! ಒಂದೇ ದೇಶದ ಹೆಂಗಸರೆಲ್ಲರ ಪಾಡೂ ಒಂದೇ ಆಗಿರಲಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಮಹಿಳೆಯರಲ್ಲಿ ಬಹುಪಾಲು ಮಂದಿಗೆ ಈ ಹಕ್ಕು ದಕ್ಕಿದ್ದು 1962ರಲ್ಲಿ. ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಮಹಿಳೆಯರಿಗೆ ಅದು ಕಾರ್ಯತಃ ಸಿಕ್ಕಿದ್ದು 1965ರ ಕಾಯದೆಯ ನಂತರ.

ಹೆಣ್ಣಿನ ಬದುಕು ಊರಿಂದ ಊರಿಗೆ ಬದಲಾಗುವುದು ನೆಲ, ಕೆಲಸ, ಕಾನೂನು ಮತ್ತು ಕೂಲಿಯ ಲೆಕ್ಕದಿಂದ. ಇದನ್ನು ತಿಳಿಯಲು ಸಮುದ್ರ ದಾಟಬೇಕಾಗಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ ಎಂಬ ನಾಲ್ಕು ಊರುಗಳನ್ನು ಎರಡು ದಿನ ಸುತ್ತಿದರೂ ಸಾಕು.

ನೀರಿಗೆ ಹೋದ ಓಣಿ

ಹಳೆಯ ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಎದ್ದ ಮೇಲೆ ಅದರ ಹಿನ್ನೀರು ಊರಿನ ತಗ್ಗಿನ ಭಾಗಗಳನ್ನು ಆವರಿಸಿತು. ಸಾವಿರಾರು ಕುಟುಂಬಗಳು ಎತ್ತರದಲ್ಲಿ ಹೊಸದಾಗಿ ಕಟ್ಟಿದ ನವನಗರಕ್ಕೆ ಹೋದವು. 1997ರಲ್ಲಿ ವಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆಯಾದಾಗ ನವನಗರವೇ ಜಿಲ್ಲಾ ಕಚೇರಿಗಳ ನೆಲೆಯಾಯಿತು.

ಊರು ಸ್ಥಳಾಂತರವಾದಾಗ ಗಂಡಸರು ಅಂಗಡಿ, ಹೊಲ, ಪರಿಹಾರದ ಮೊತ್ತದ ಲೆಕ್ಕ ಹಾಕುತ್ತಾರೆ. ಹೆಂಗಸರು ಕಳೆದುಕೊಂಡದ್ದಕ್ಕೆ ಪರಿಹಾರದ ಪಟ್ಟಿಯಲ್ಲಿ ಕಾಲಂ ಇರುವುದಿಲ್ಲ. ಹಳೆಯ ಓಣಿಯಲ್ಲಿ ಮನೆಗೆ ಮನೆ ತಾಗಿ, ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುವಾಗಲೇ ಸುದ್ದಿ, ಸಾಲ, ಬಾಣಂತನದ ನೆರವು ಎಲ್ಲವೂ ಕೈಬದಲಾಗುತ್ತಿದ್ದವು. ಸೆಕ್ಟರುಗಳಲ್ಲಿ ರಸ್ತೆ ಅಗಲ, ಮನೆಗೆ ಕಾಂಪೌಂಡು. ಅಲ್ಲಿಗೆ ಹೋದ ಹಿರಿಯ ಹೆಂಗಸರು ಹೊಸ ನೆರೆಹೊರೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.

ಇದೇ ಊರು ಅವರ ಮೊಮ್ಮಕ್ಕಳಿಗೆ ಬೇರೆಯೇ ಆಗಿ ಕಾಣುತ್ತದೆ. 1906ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು, 2008ರಲ್ಲಿ ಬಂದ ತೋಟಗಾರಿಕಾ ವಿಶ್ವವಿದ್ಯಾಲಯ ಬಾಗಲಕೋಟೆಯನ್ನು ವಿದ್ಯಾರ್ಥಿಗಳ ಊರನ್ನಾಗಿ ಮಾಡಿವೆ. ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯವೂ 2003ರಲ್ಲಿ ನೆರೆಯ ವಿಜಯಪುರದಲ್ಲೇ ಸ್ಥಾಪನೆಯಾಯಿತು. ಅಜ್ಜಿಗೆ ಓಣಿ ತಪ್ಪಿತು, ಮೊಮ್ಮಗಳಿಗೆ ಹಾಸ್ಟೆಲ್ ಸಿಕ್ಕಿತು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಒಂದೇ ಅಣೆಕಟ್ಟಿನ ಕಾಲ ಕೊಟ್ಟದ್ದು ಎರಡು ಬೇರೆ ಬದುಕು.

ರಾಣಿಯರೂ ರೊಟ್ಟಿಯವರೂ

ಬಾಗಲಕೋಟೆಯಿಂದ ಬಾದಾಮಿಗೆ ರೈಲೂ ಉಂಟು, ಬಸ್ಸೂ ಉಂಟು. ಇಮ್ಮಡಿ ಪುಲಕೇಶಿಯ ಹೆಸರು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಚಾಲುಕ್ಯರ ನಾಡಿನಲ್ಲಿ ಹೆಂಗಸರ ಹೆಸರೂ ಕಲ್ಲಿನ ಮೇಲೆ ಉಳಿದಿದೆ ಎಂಬುದು ಗೊತ್ತಿರುವವರು ಕಡಿಮೆ.

ಬಾದಾಮಿಯ ಸಮೀಪದ ಮಹಾಕೂಟದ ಸ್ತಂಭಶಾಸನ ಮಂಗಲೇಶನ ಕಾಲದ್ದು, ಸುಮಾರು 602ನೇ ಇಸವಿಯದು. ದೇವರಿಗೆ ಹತ್ತು ಹಳ್ಳಿಗಳನ್ನು ಬಿಟ್ಟುಕೊಟ್ಟ ಸಂದರ್ಭದಲ್ಲಿ ಅದು ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯನ್ನು ಹೆಸರಿಸುತ್ತದೆ. ಅದೇ ಮಹಾಕೂಟದ ಇನ್ನೊಂದು ಕನ್ನಡ ಶಾಸನ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯದು. ಆಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಅರ್ಪಿಸಿದಳು. ಶಾಸನ ಆಕೆಯ ತಾಯಿ ಮತ್ತು ಅಜ್ಜಿಯ ಹೆಸರುಗಳನ್ನು ಹೇಳುತ್ತದೆ ಎಂಬುದು ಸ್ವಾರಸ್ಯದ ಸಂಗತಿ. ರಾಣಿಯಲ್ಲದ ಹೆಣ್ಣೊಬ್ಬಳ ಮನೆತನವನ್ನು ತಾಯಿಯ ಕಡೆಯಿಂದ ಎಣಿಸಿದ ಕಲ್ಲು ಅದು.

ಬಾದಾಮಿಯಿಂದ 22 ಕಿಲೋಮೀಟರ್ ದೂರದ ಪಟ್ಟದಕಲ್ಲಿನಲ್ಲಿ ಅತಿ ದೊಡ್ಡ ಗುಡಿಯಾದ ವಿರೂಪಾಕ್ಷವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗಾಗಿ ಸುಮಾರು 740ರಲ್ಲಿ ಎದ್ದ ಗುಡಿ ಇದು. ಪಕ್ಕದ ಮಲ್ಲಿಕಾರ್ಜುನ ಗುಡಿ ಆಕೆಯ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಇನ್ನು ಇಂದಿನ ಹೆಂಗಸರ ಕಡೆ ನೋಡಬೇಕು. ಬಾದಾಮಿಯ ಬನಶಂಕರಿ ಗುಡಿಯ ಮುಂದೆ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿ ಇಳಿಸಿಕೊಂಡು ಕೂರುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಜುಣಕ, ಕೆಂಪು ಚಟ್ನಿ, ಗಡಿಗೆಯಲ್ಲಿ ಗಟ್ಟಿ ಮೊಸರು. ‘ಬರ್ರಿ ಅಣ್ಣಾರ, ಊಟ ಮಾಡಿ ಹೋಗ್ರಿ’ ಎಂಬ ಕರೆಗೆ ಯಾತ್ರಿಕರು ಮರದ ನೆರಳಿನಲ್ಲಿ ಕುಳಿತು ಉಂಡೇ ಮುಂದೆ ಹೋಗುವುದು. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಂತೂ ನಾಟಕ ಕಂಪನಿಗಳು ಡೇರೆ ಹಾಕಿದಾಗ ಈ ವ್ಯಾಪಾರಕ್ಕೆ ಬಿಡುವೇ ಇರದು.

ಈ ಹೆಂಗಸರ ಬಂಡವಾಳ ಒಂದು ಒಲೆ, ಒಂದು ಬುಟ್ಟಿ, ನಸುಕಿನ ನಾಲ್ಕು ತಾಸು. ಆದರೆ ದುಡಿದ ಹಣ ನೇರವಾಗಿ ಅವರ ಕೈಗೇ ಬೀಳುತ್ತದೆ, ಸೆರಗಿನ ತುದಿಯ ಗಂಟಿಗೆ ಸೇರುತ್ತದೆ. ದರ ಹೇಳುವವಳೂ ಅವಳೇ, ಉದ್ರಿ ಕೊಡುವವಳೂ ಅವಳೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್ಸಿನ ಪ್ರಯಾಣ ಹೆಂಗಸರಿಗೆ ಉಚಿತವಾದ ಮೇಲೆ ಬಸ್ ಚಾರ್ಜೂ ಅದೇ ಗಂಟಿನಲ್ಲಿ ಉಳಿಯುತ್ತದೆ. ಇದು ಸಣ್ಣ ಮಾತೆಂದು ತೋರಬಹುದು. ಹುನಗುಂದ ಮತ್ತು ಇಲಕಲ್ ನೋಡಿದ ಮೇಲೆ ಇದರ ಬೆಲೆ ತಿಳಿಯುತ್ತದೆ.

ಪಂಚಮಿಯ ಸೀರೆ, ಪಹಣಿಯ ಹೆಸರು

ಐಹೊಳೆಯ ಗುಡಿಗಳನ್ನು ನೋಡಿ, ಅಮೀನಗಡದ ಕರದಂಟಿನ ರುಚಿ ನೋಡಿ ಮುಂದೆ ಸಾಗಿದರೆ ಹುನಗುಂದ. ಇದು ಎರೆಹೊಲದ ಸೀಮೆ. ಹಿಂಗಾರಿಯ ಬಿಳಿಜೋಳ, ಕಡಲೆ ಇಲ್ಲಿಯ ಜೀವ. ಕಳೆ ತೆಗೆಯುವುದು, ಕಡಲೆ ಕೀಳುವುದು, ಬೀಜ ಕಾಯ್ದಿಡುವುದು, ಎಳ್ಳ ಅಮಾವಾಸ್ಯೆಗೆ ಚರಗದ ಅಡುಗೆ ಮಾಡಿ ಹೊಲಕ್ಕೆ ಒಯ್ಯುವುದು ಎಲ್ಲದರಲ್ಲೂ ಹೆಣ್ಣಿನ ಕೈ ಇದೆ. ಪಹಣಿಯಲ್ಲಿ ಮಾತ್ರ ಬಹುತೇಕ ಗಂಡಿನ ಹೆಸರು.

ಹುನಗುಂದ ತಾಲ್ಲೂಕಿನಲ್ಲೇ ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮವಿದೆ. ಬಸವಣ್ಣ ಬೆಳೆದು ಐಕ್ಯನಾದ ಸ್ಥಳ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆ ಎಂದು ಬಾಲಕ ಬಸವಣ್ಣ ಕೇಳಿದನೆಂಬ ಪ್ರತೀತಿ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಅಕ್ಕನಿಗೆ ಸಿಗದ ಹಕ್ಕನ್ನು ತಮ್ಮ ಬೇಡವೆಂದ ಈ ಕಥೆ ಹನ್ನೆರಡನೆಯ ಶತಮಾನದ್ದು. ಇಂದಿನ ಅಣ್ಣತಮ್ಮಂದಿರ ಮುಂದೆ ಅದೇ ಪ್ರಶ್ನೆ ಜಮೀನಿನ ರೂಪದಲ್ಲಿ ನಿಂತಿದೆ.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲಿ ಕಾನೂನು ತಿದ್ದಿತು. ಆಗ ಆ ದಿನಾಂಕಕ್ಕೆ ಮುಂಚೆ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಕಾನೂನು ಹೀಗಿದ್ದರೂ ಎಷ್ಟೋ ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಕಾರಣ ಅಜ್ಞಾನವೆನ್ನಲಾಗದು. ನಾಗರ ಪಂಚಮಿಗೆ ಅಣ್ಣ ಕರೆಯಲು ಬರಬೇಕು, ಜೋಕಾಲಿ ಆಡಿ, ಉಂಡಿ ತಿಂದು, ತವರಿನ ಇಲಕಲ್ ಸೀರೆ ಉಟ್ಟು ಮರಳಬೇಕು. ಪಾಲು ಕೇಳಿದರೆ ಆ ಬಾಗಿಲು ಮುಚ್ಚೀತೆಂಬ ಅಂಜಿಕೆ. ಒಂದು ಸೀರೆಗೆ ಎಕರೆಗಟ್ಟಲೆ ಹೊಲವನ್ನು ಬಿಟ್ಟುಕೊಡುವ ಈ ಲೆಕ್ಕ ಪ್ರೀತಿಯದೂ ಹೌದು, ಭಯದ್ದೂ ಹೌದು. ಹೆಣ್ಣುಗಂಡು ಮಕ್ಕಳಿಬ್ಬರಿರುವ ತಂದೆತಾಯಿ ತಾವಿರುವಾಗಲೇ ಇದನ್ನು ಕೂತು ಮಾತಾಡಿದರೆ ಮಗಳು ತವರು, ಹೊಲ ಎರಡರಲ್ಲಿ ಒಂದನ್ನು ಆರಿಸುವ ಕಷ್ಟ ತಪ್ಪುತ್ತದೆ.

‘ಕೆಲಸ ಏನಿಲ್ರೀ’

ಹುನಗುಂದದಿಂದ ಹೆದ್ದಾರಿಯಲ್ಲಿ ಅರ್ಧ ಗಂಟೆಯೊಳಗೆ ಇಲಕಲ್. ಮೊದಲು ಹುನಗುಂದ ತಾಲ್ಲೂಕಿನಲ್ಲಿದ್ದ ಈ ಪಟ್ಟಣ ಈಗ ತಾನೇ ತಾಲ್ಲೂಕು ಕೇಂದ್ರ. ಕೆಂಪು ಗ್ರಾನೈಟಿಗೂ ಹೆಸರಾದ ಊರಿನ ನೇಕಾರರ ಓಣಿ ಹೊಕ್ಕರೆ ಮಗ್ಗದ ಸಪ್ಪಳ ಕೇಳುತ್ತದೆ.

ಇಲಕಲ್ ಸೀರೆಯ ವೈಶಿಷ್ಟ್ಯ ಅದರ ನೇಯ್ಗೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿಯ ನೂಲು, ಸೆರಗಿಗೆ ಕೆಂಪು ರೇಷ್ಮೆ ಅಥವಾ ಕೃತಕ ರೇಷ್ಮೆ. ಎರಡೂ ಹಾಸಿನ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಬೆಸೆಯುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಕೊಂಡಿ ಬಾರದವನಿಗೆ ಸಾಂಪ್ರದಾಯಿಕ ಇಲಕಲ್ ಸೀರೆ ನೇಯಲು ಬಾರದು. ಸೆರಗಿನ ಬಿಳಿಯ ತೆನೆಗಳಿಗೆ ‘ಟೋಪ ತೆನಿ’ ಎನ್ನುತ್ತಾರೆ.

ಕುಣಿಮಗ್ಗದಲ್ಲಿ ಲಾಳಿ ಓಡುವ ಮುಂಚೆ ನೂಲು ಬಿಚ್ಚಬೇಕು, ರಾಟಿಯಲ್ಲಿ ಕಂಡಿಕೆ ಸುತ್ತಬೇಕು, ಹಾಸು ಸಜ್ಜು ಮಾಡಬೇಕು, ಎಳೆ ಕೂಡಿಸಬೇಕು. ಈ ಪೂರ್ವಸಿದ್ಧತೆಯಲ್ಲಿ ಬಹುಪಾಲು ಮನೆಯ ಹೆಂಗಸರದು. ಮಗ್ಗದಲ್ಲಿ ಕುಳಿತು ನೇಯುವ ಹೆಂಗಸರೂ ಇದ್ದಾರೆ. ಅಡುಗೆ, ನೀರು, ಮಕ್ಕಳ ಶಾಲೆಯ ನಡುವೆ ದಿನವಿಡೀ ರಾಟಿ ತಿರುಗುತ್ತಲೇ ಇರುತ್ತದೆ. ಆದರೂ ‘ಏನ್ ಕೆಲಸ ಮಾಡ್ತೀರಿ ಅಕ್ಕಾರ?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: ‘ಕೆಲಸ ಏನಿಲ್ರೀ, ಮನ್ಯಾಗ ಇರ್ತೀನಿ.’

ಉತ್ತರ ಹಾಗೆ ಬರಲು ಕಾರಣ ಕೂಲಿಯ ಲೆಕ್ಕ. ಕೂಲಿ ನಿಗದಿಯಾಗುವುದು ಸೀರೆಗೆ ಇಷ್ಟೆಂದು. ಅದು ಸೇರುವುದು ನೇಕಾರನ ಕೈಗೆ. ಕಂಡಿಕೆ ಸುತ್ತಿದವಳ ತಾಸುಗಳು ಅದರೊಳಗೆ ಕರಗಿಹೋಗುತ್ತವೆ. ಬನಶಂಕರಿಯ ರೊಟ್ಟಿಯವಳು ಕಡಿಮೆ ದುಡಿದರೂ ತಾನು ದುಡಿಯುತ್ತೇನೆ ಎನ್ನುತ್ತಾಳೆ. ಇಲಕಲ್ಲಿನವಳು ಹೆಚ್ಚು ದುಡಿದರೂ ತನಗೆ ಕೆಲಸವಿಲ್ಲ ಎನ್ನುತ್ತಾಳೆ. ಕೆಲಸ ಇಬ್ಬರದೂ ಇದೆ, ಹಣ ಯಾರ ಕೈಗೆ ಬರುತ್ತದೆ ಎಂಬುದರಲ್ಲಿ ವ್ಯತ್ಯಾಸ.

ಇಲ್ಲಿ ಮತ್ತೆ ಆ ಎರಡು ದೇಶಗಳ ಕಡೆ ನೋಡಬಹುದು. ಅಮೆರಿಕದ ಲೋವೆಲ್ ಪಟ್ಟಣದ ಬಟ್ಟೆ ಗಿರಣಿಗಳಲ್ಲಿ 1830ರ ದಶಕದಲ್ಲೇ ರೈತರ ಹೆಣ್ಣುಮಕ್ಕಳು ಮಗ್ಗ ನಡೆಸುತ್ತಿದ್ದರು. ಕೂಲಿ ಅವರ ಕೈಗೇ ಬರುತ್ತಿತ್ತು. ಕೂಲಿ ಕಡಿತಗೊಳಿಸಿದಾಗ 1834ರಲ್ಲಿ ಮುಷ್ಕರ ಹೂಡಿದರು. ಆಸ್ಟ್ರೇಲಿಯಾದಲ್ಲಿ 1907ರ ಪ್ರಸಿದ್ಧ ತೀರ್ಪೊಂದು ಹೆಂಡತಿ ಮಕ್ಕಳನ್ನು ಸಾಕುವ ಗಂಡಸಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿ ನ್ಯಾಯವಾದ ಕೂಲಿ ನಿಗದಿ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಹೆಣ್ಣು ದುಡಿಯುವವಳಲ್ಲ ಎಂಬ ಎಣಿಕೆ ಅದರಲ್ಲಿ ಸೇರಿಕೊಂಡಿತು. 1919ರಲ್ಲಿ ಅಲ್ಲಿ ಹೆಂಗಸರ ಮೂಲವೇತನ ಗಂಡಸರದರ ಶೇಕಡಾ 54ರಷ್ಟಾಯಿತು. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ತತ್ವ ಒಪ್ಪಿಗೆಯಾದದ್ದು 1972ರಲ್ಲಿ. ಅಮೆರಿಕದ ಸಮಾನ ವೇತನ ಕಾಯದೆ 1963ರದು, ಭಾರತದ್ದು 1976ರದು. ಸ್ವಂತ ಮನೆಯಲ್ಲಿ ಕಂಡಿಕೆ ಸುತ್ತುವವಳನ್ನು ಈ ಕಾಯದೆ ಮುಟ್ಟಲಿಲ್ಲ. ಆಕೆಗೆ ವೇತನವೇ ಇಲ್ಲದ ಮೇಲೆ ಸಮಾನತೆಯ ಪ್ರಶ್ನೆ ಎಲ್ಲಿಂದ ಬರಬೇಕು?

ಇಲಕಲ್ಲಿನ ನೇಕಾರರ ಮನೆಗಳಲ್ಲಿ ಈಗ ಇನ್ನೊಂದು ಮಾತು ನಡೆದಿದೆ. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳೆದುರು ಕೈಮಗ್ಗ ಸೋಲುತ್ತಿರುವುದರಿಂದ ಮಕ್ಕಳು ಓದಿ ಬೇರೆ ನೌಕರಿ ಹಿಡಿಯಲಿ ಎಂದು ತಂದೆತಾಯಿ ಬಯಸುತ್ತಾರೆ. ಬಯಕೆ ಸಹಜವೇ. ಆದರೆ ರಾಟಿಯ ಮುಂದೆ ಕೂರಲು ಕೈ ಬೇಕೆಂದು ಶಾಲೆ ಬಿಡಬೇಕಾಗಿ ಬಂದಾಗ ಮೊದಲು ಮಗಳ ಹೆಸರೇ ಬರಬಾರದು. ಕೊಂಡಿ ಕಲಿಯುವುದೂ ಡಿಗ್ರಿ ಪಡೆಯುವುದೂ ಅವಳ ಆಯ್ಕೆಯಾಗಬೇಕು.

ಹೋಗುವುದು ಹೇಗೆ?

ಬಾಗಲಕೋಟೆ ಮತ್ತು ಬಾದಾಮಿ ಗದಗ–ಹೊಟಗಿ ರೈಲು ಮಾರ್ಗದಲ್ಲಿವೆ. ಬಾದಾಮಿಯಲ್ಲಿ ಉಳಿದುಕೊಂಡು ಬನಶಂಕರಿ, ಮಹಾಕೂಟ, ಪಟ್ಟದಕಲ್ಲು ನೋಡಿ, ಮರುದಿನ ಐಹೊಳೆ, ಅಮೀನಗಡ, ಹುನಗುಂದದ ಮೂಲಕ ಕೂಡಲಸಂಗಮಕ್ಕೂ ಇಲಕಲ್ಲಿಗೂ ಹೋಗಬಹುದು. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಬಿಸಿಲು ಹಿತ. ಜನವರಿಯಾದರೆ ಜಾತ್ರೆಯೂ ಸಿಕ್ಕೀತು.

ಶಾಲೆಯ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳು ರಾಜರ ಹೆಸರು, ಇಸವಿಗಳ ಜೊತೆಗೆ ನೋಟ್‌ಪುಸ್ತಕದಲ್ಲಿ ಇನ್ನೊಂದು ಪುಟ ಬಿಡಲಿ. ಭೇಟಿಯಾದ ಹೆಂಗಸರನ್ನು ಅವರ ದಿನ ಎಷ್ಟು ಗಂಟೆಗೆ ಆರಂಭವಾಗುತ್ತದೆ, ಏನೇನು ಕೆಲಸ, ಹಣ ಯಾರ ಕೈಗೆ ಬರುತ್ತದೆ, ಎಲ್ಲಿಯವರೆಗೆ ಓದಿದ್ದಾರೆ ಎಂದು ವಿನಯದಿಂದ ಕೇಳಲಿ. ಮರಳಿ ಮನೆಗೆ ಬಂದ ಮೇಲೆ ಅವೇ ಪ್ರಶ್ನೆಗಳನ್ನು ಅವ್ವನಿಗೂ ಕೇಳಲಿ. ‘ಕೆಲಸ ಏನಿಲ್ಲ’ ಎಂದು ಅವಳೂ ಅಂದರೆ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಒಂದು ದಿನದ ತಾಸುಗಳನ್ನು ಎಣಿಸಿ ಬರೆಯಲಿ.